ಟಾಕಿ ಹೋಯಿತು, ಎಣ್ಣೆ ಹೋಯಿತೆ?



ಪೆಟ್ರೋಲ್ ಪಂಪು ನೀವೆಲ್ಲ ನೋಡಿದ್ದೀರಿ. ಮುಧೋಳದಿಂದ ಸೇಡಂಗೆ ಹೋಗಿ. ಅಲ್ಲಿಂದ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ದಾರಿ ಹಿಡಿದರೂ ಒಂದಾದರೂ ಪಂಪು ಕಾಣುತ್ತದೆ. ಮೇಲೆ ಮೆಷಿನ್ ಇರುತ್ತದೆ. ಅದಕ್ಕೊಂದು ಪೈಪು. ಮೋಟರ್ ಸೈಕಲ್ ಬಂದರೆ ಪೈಪಿನಿಂದ ಎಣ್ಣೆ ಬಿಡುತ್ತಾರೆ. ಆ ಎಣ್ಣೆ ಎಲ್ಲಿಂದ ಬರುತ್ತದೆ?

ನೆಲದ ಕೆಳಗಿನಿಂದ. ಪಂಪಿನ ಅಂಗಳದ ಕೆಳಗೆ ದೊಡ್ಡ ಕಬ್ಬಿಣದ ಟಾಕಿ ಹುಗಿದಿರುತ್ತಾರೆ. ಒಂದೊಂದು ಟಾಕಿಯಲ್ಲಿ ಸಾವಿರಾರು ಲೀಟರ್ ಪೆಟ್ರೋಲ್ ಇಲ್ಲವೆ ಡೀಸೆಲ್ ಹಿಡಿಯುತ್ತದೆ. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಇಡುತ್ತಿದ್ದರಲ್ಲ, ಇದು ಎಣ್ಣೆಯ ಹಗೇವು ಅನ್ನಿ. ಪೆಟ್ರೋಲ್ ಪಂಪಿನಲ್ಲಷ್ಟೇ ಅಲ್ಲ. ಬಸ್ ಡಿಪೋದಲ್ಲಿ, ಕಾರ್ಖಾನೆಯಲ್ಲಿ ಕೂಡ ಇಂಥ ಟಾಕಿ ಇರುತ್ತದೆ.

ಹಗೇವಿಗೆ ಥಂಡಿ ತಾಗಿದರೆ ಜೋಳ ಕೆಡುತ್ತದೆ. ಎಣ್ಣೆ ಟಾಕಿಗೆ ಥಂಡಿ ತಾಗಿದರೆ ಕಬ್ಬಿಣಕ್ಕೆ ಜಂಗು ಹಿಡಿಯುತ್ತದೆ. ಇಪ್ಪತ್ತು, ಮೂವತ್ತು ವರ್ಷ ಮಣ್ಣಿನಲ್ಲಿ ಕೂತ ಟಾಕಿಗೆ ಸಣ್ಣ ತೂತು ಬಿದ್ದರೆ ಯಾರಿಗೆ ಕಾಣುತ್ತದೆ? ಯಾರಿಗೂ ಕಾಣುವುದಿಲ್ಲ. ಎಣ್ಣೆ ಹನಿ ಹನಿಯಾಗಿ ಮಣ್ಣಿಗೆ ಇಳಿಯುತ್ತಾ ಹೋಗುತ್ತದೆ.

ಒಂದು ದಿನ ಪಂಪು ಬಂದ್ ಆಗುತ್ತದೆ. ಟಾಕಿ ಕಿತ್ತು ಲಾರಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ತಗ್ಗಿಗೆ ಮಣ್ಣು ತುಂಬುತ್ತಾರೆ. ಅಲ್ಲೊಂದು ಚಹಾದ ಅಂಗಡಿಯೋ ಮನೆಯೋ ಆಗುತ್ತದೆ. ಹತ್ತು ವರ್ಷ ಕಳೆದರೆ ಇಲ್ಲೊಂದು ಪಂಪು ಇತ್ತು ಅಂತ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. "ಟಾಕಿನೇ ಒಯ್ದ ಮ್ಯಾಲ ಇನ್ನೇನ್ರಿ ಚಿಂತಿ?" ಅಂತ ಕೇಳುವವರು ಬಹಳ.

ಕೇಳುವುದು ಸರಿ. ಆದರೆ ಅಡಿಗೆ ಮನೆಯಲ್ಲಿ ಒಮ್ಮೆ ಚಿಮಣಿ ಎಣ್ಣೆ ಬಾಟ್ಲಿ ಉರುಳಿದ್ದು ನೆನಪು ಮಾಡಿಕೊಳ್ಳಿ. ಬಾಟ್ಲಿ ಎತ್ತಿ ಇಟ್ಟಿರಿ. ನೆಲ ಒರೆಸಿದಿರಿ. ವಾಸನೆ ಎಷ್ಟು ದಿನ ಇತ್ತು? ಮಣ್ಣಿನ ನೆಲವಾದರೆ ವಾರಗಟ್ಟಲೆ ಇರುತ್ತದೆ. ಬಾಟ್ಲಿ ಹೋದರೂ ನೆಲ ಕುಡಿದ ಎಣ್ಣೆ ನೆಲದಲ್ಲೇ ಇರುತ್ತದೆ. ಟಾಕಿಯ ಕಥೆಯೂ ಇದೇ.

ಹನಿಯ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ಪಾಟಿ, ಬಳಪ ತೆಗೆದುಕೊಳ್ಳಿ.

ಟಾಕಿಯಿಂದ ಸೆಕೆಂಡಿಗೆ ಒಂದೇ ಹನಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಒಂದು ದಿನಕ್ಕೆ 86,400 ಸೆಕೆಂಡು. ಅಂದರೆ 86,400 ಹನಿ. ಸುಮಾರು 20 ಹನಿ ಕೂಡಿದರೆ 1 ಮಿಲಿಲೀಟರ್. 86,400ನ್ನು 20ರಿಂದ ಭಾಗಿಸಿ. 4,320 ಮಿಲಿಲೀಟರ್ ಬಂತು. ಅಂದರೆ ದಿನಕ್ಕೆ 4 ಲೀಟರಿಗಿಂತ ಸ್ವಲ್ಪ ಹೆಚ್ಚು. ವರ್ಷಕ್ಕೆ? 365ರಿಂದ ಗುಣಿಸಿದರೆ ಒಂದೂವರೆ ಸಾವಿರ ಲೀಟರಿಗೂ ಮಿಕ್ಕಿ.

ಸಾವಿರಾರು ಲೀಟರ್ ಬಂದು ಹೋಗುವ ಟಾಕಿಯಲ್ಲಿ ದಿನಕ್ಕೆ 4 ಲೀಟರ್ ಕಡಿಮೆ ಆದರೆ ಮಾಲೀಕನಿಗೂ ಬೇಗ ತಿಳಿಯಲಿಕ್ಕಿಲ್ಲ. ಪೆಟ್ರೋಲ್ ಸ್ವಲ್ಪ ಆರಿಹೋಗುವುದೂ ಉಂಟು, ಹಾಗೇ ಇರಬೇಕು ಅಂದುಕೊಳ್ಳುತ್ತಾನೆ.

ಇನ್ನೊಂದು ಲೆಕ್ಕ. ಪೆಟ್ರೋಲಿನೊಳಗೆ ಬೆಂಜೀನ್ ಎಂಬ ಒಂದು ವಸ್ತು ಇದೆ. ಬಹಳ ದಿನ ಹೊಟ್ಟೆಗೆ ಹೋದರೆ ಅದು ಎಲುಬಿನೊಳಗೆ ರಕ್ತ ಹುಟ್ಟುವ ಜಾಗವನ್ನು ಕೆಡಿಸುತ್ತದೆ. ರಕ್ತ ಕಡಿಮೆ ಆಗುತ್ತದೆ. ರಕ್ತದ ಕ್ಯಾನ್ಸರ್ ಕೂಡ ಬರಬಹುದು. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇರಬಾರದು ಎಂಬ ನಿಯಮ ಇದೆ. ಹಿಂದೆ ಇದಕ್ಕಿಂತ ಹೆಚ್ಚು ಇತ್ತು. ಒಂದು ಪಾಲು ಅಂದರೂ ಒಂದು ಲೀಟರ್ ಪೆಟ್ರೋಲಿನಲ್ಲಿ 10 ಮಿಲಿಲೀಟರ್, ಎರಡು ಚಮಚ. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಬೆಂಜೀನ್ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲು.

ಹೀಗೆ ಲೆಕ್ಕ ಹಾಕಿದರೆ ಆ ಎರಡು ಚಮಚ ಬೆಂಜೀನ್ ಸುಮಾರು 8 ಲಕ್ಷ ಲೀಟರ್ ನೀರು ಕೆಡಿಸಲು ಸಾಕು. 5 ಸಾವಿರ ಲೀಟರಿನ ನೀರಿನ ಟ್ಯಾಂಕರ್ ಬೇಸಿಗೆಯಲ್ಲಿ ಬರುತ್ತದಲ್ಲ, ಅಂಥ 160 ಟ್ಯಾಂಕರ್. ಇದು ಒಂದೇ ಒಂದು ಲೀಟರ್ ಪೆಟ್ರೋಲಿನ ಮಾತು. ನಿಜವಾಗಿ ಅಷ್ಟೂ ಬೆಂಜೀನ್ ನೀರಿಗೆ ಬರುವುದಿಲ್ಲ. ಸ್ವಲ್ಪ ಗಾಳಿಗೆ ಹಾರುತ್ತದೆ, ಸ್ವಲ್ಪ ಮಣ್ಣಿಗೆ ಅಂಟುತ್ತದೆ. ಆದರೂ ಲೆಕ್ಕ ಯಾವ ಕಡೆ ವಾಲುತ್ತದೆ ಅನ್ನುವುದು ತಿಳಿಯಿತಲ್ಲ.

ಹಳೆಯ ಟಾಕಿಯಾದರೆ ಇನ್ನೊಂದು ಭಯ. ಹಿಂದೆ ಪೆಟ್ರೋಲಿಗೆ ಸೀಸ ಸೇರಿಸುತ್ತಿದ್ದರು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಅದನ್ನು ಪೂರ್ತಿ ನಿಲ್ಲಿಸಿದರು. ಅದಕ್ಕೂ ಮೊದಲು ಸೋರಿದ ಟಾಕಿಯ ಮಣ್ಣಿನಲ್ಲಿ ಸೀಸವೂ ಇರಬಹುದು. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೆ ಕೆಟ್ಟದ್ದು.

ನಮ್ಮ ನೆಲ ಎಂಥದ್ದು?

ಎಣ್ಣೆ ಎಲ್ಲ ನೆಲದಲ್ಲೂ ಒಂದೇ ಥರ ಹೋಗುವುದಿಲ್ಲ. ನಮ್ಮ ಭಾಗದ ನೆಲ ಹೇಗಿದೆ ಅಂತ ನಿಮಗೇ ಗೊತ್ತು. ಮನೆಯಲ್ಲಿ ಹಾಸಿದ ಫರ್ಸಿ ನೋಡಿ. ಶಹಾಬಾದ್ ಕಲ್ಲು ಅಂತ ದೇಶದ ತುಂಬ ಇದಕ್ಕೆ ಹೆಸರು. ಇದು ಸುಣ್ಣದ ಕಲ್ಲು. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದು ಈ ಕಲ್ಲಿಗಾಗಿಯೇ.

ಫರ್ಸಿ ಖಣಿಯಲ್ಲಿ ಕೂಲಿ ಮಾಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ಕಲ್ಲು ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿ ಇರುತ್ತದೆ. ಪದರದ ನಡುವೆ ಸಂದು. ಮೇಲಿನಿಂದ ಕೆಳಗೆ ಉದ್ದ ಬಿರುಕು. ಸುಣ್ಣದ ಕಲ್ಲನ್ನು ಮಳೆ ನೀರು ಸಾವಿರಾರು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಹೀಗಾಗಿ ಕೆಲವು ಬಿರುಕು ಅಗಲವಾಗಿ ನೀರಿನ ದಾರಿಯೇ ಆಗಿರುತ್ತವೆ.

ಮರಳು ನೆಲದಲ್ಲಿ ನೀರು ಜರಡಿಯಲ್ಲಿ ಇಳಿದ ಹಾಗೆ ನಿಧಾನ ಹೋಗುತ್ತದೆ. ಬಿರುಕಿನ ಕಲ್ಲಿನಲ್ಲಿ ಓಡುತ್ತದೆ. ಎಣ್ಣೆ ಕೂಡಿದ ನೀರೂ ಓಡುತ್ತದೆ. ಅದು ನೆಟ್ಟಗೂ ಓಡುವುದಿಲ್ಲ, ಬಿರುಕು ಕರೆದ ಕಡೆ ಓಡುತ್ತದೆ. ಹೀಗಾಗಿ ಪಂಪಿನ ಮಗ್ಗುಲಲ್ಲೇ ಇರುವ ಬೋರಿನ ನೀರು ಚೊಲೋ ಇರಬಹುದು, ದೂರದ ಬಾವಿಯ ನೀರು ಕೆಟ್ಟಿರಬಹುದು. "ನಮ್ಮ ಬಾವಿ ದೂರ ಐತಿ, ನಮಗೇನು ಆಗಲ್ಲ" ಅನ್ನುವಂತಿಲ್ಲ. ಚಿಂಚೋಳಿ ಕಡೆ ಕರಿಕಲ್ಲು, ಕೆಂಪು ನೆಲ ಹೆಚ್ಚು. ಅಲ್ಲಿಯೂ ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಬಿರುಕಿನಲ್ಲೇ.

ಬಾಟ್ಲಿಯಲ್ಲಿ ಒಂದು ಪ್ರಯೋಗ

ಇದನ್ನು ನಾವು ಕಲಿಕೆ ಕೇಂದ್ರದಲ್ಲಿ ಮಾಡಿ ತೋರಿಸುತ್ತೇವೆ. ನೀವು ಮನೆಯಲ್ಲಿಯೂ ಮಾಡಬಹುದು. ಪೆಟ್ರೋಲ್ ಮಾತ್ರ ಮುಟ್ಟಬೇಡಿ, ಅಡಿಗೆ ಎಣ್ಣೆ ಸಾಕು.

ಒಂದು ಪ್ಲಾಸ್ಟಿಕ್ ನೀರಿನ ಬಾಟ್ಲಿ ತೆಗೆದುಕೊಳ್ಳಿ. ಮೇಲಿನ ಭಾಗ ಕತ್ತರಿಸಿ. ತಳದ ಹತ್ತಿರ ಸೂಜಿಯಿಂದ ತೂತು ಮಾಡಿ, ಅದಕ್ಕೆ ಮೇಣ ಮೆತ್ತಿ. ಬಾಟ್ಲಿಯ ತುಂಬ ಸಣ್ಣ ಹರಳು ಹಾಕಿ. ಅರ್ಧಕ್ಕೆ ನೀರು ಹಾಕಿ. ಇದೇ ನೆಲದೊಳಗಿನ ನೀರು. ಎರಡು ಚಮಚ ಕುಸುಬಿ ಎಣ್ಣೆಗೆ ಅರಿಷಿಣ ಕಲಸಿ ಮೇಲಿನಿಂದ ಹಾಕಿ. ಎಣ್ಣೆ ನೀರಿಗಿಂತ ಹಗುರ. ನೀರಿನ ಮೇಲೆ ಹಳದಿ ಪಟ್ಟಿಯಾಗಿ ನಿಲ್ಲುತ್ತದೆ. ಪೆಟ್ರೋಲ್, ಡೀಸೆಲ್ ಕೂಡ ನೀರಿಗಿಂತ ಹಗುರ, ಹೀಗೇ ನಿಲ್ಲುತ್ತವೆ.

ಈಗ ಇನ್ನಷ್ಟು ನೀರು ಹಾಕಿ. ಮಳೆಗಾಲ ಬಂತು ಅನ್ನಿ. ನೀರು ಮೇಲೆ ಬಂತು, ಹಳದಿ ಪಟ್ಟಿಯೂ ಮೇಲೆ ಬಂತು. ಮೇಣ ತೆಗೆಯಿರಿ. ನೀರು ಇಳಿಯಿತು. ಬೇಸಿಗೆ ಬಂತು ಅನ್ನಿ. ಪಟ್ಟಿಯೂ ಕೆಳಗೆ ಇಳಿಯಿತು. ಈಗ ಹರಳು ನೋಡಿ. ಮೊದಲು ಬೆರಳಷ್ಟು ದಪ್ಪ ಇದ್ದ ಹಳದಿ ಈಗ ಮೇಲಿನಿಂದ ಕೆಳಗಿನವರೆಗೆ ಹರಳಿಗೆಲ್ಲ ಮೆತ್ತಿಕೊಂಡಿದೆ. ಮತ್ತೆ ಮೇಣ ಹಚ್ಚಿ ಶುದ್ಧ ನೀರು ಹಾಕಿ. ಹರಳಿನ ನಡುವಿನಿಂದ ಹಳದಿ ಹನಿ ಒಂದೊಂದೇ ಎದ್ದು ಮೇಲೆ ಬರುತ್ತವೆ. ಎಣ್ಣೆ ಹೊಸದಾಗಿ ಹಾಕಿದಿರಾ? ಇಲ್ಲ. ಹಳೆಯದೇ ಮತ್ತೆ ಮತ್ತೆ ಬರುತ್ತಿದೆ.

ಟಾಕಿ ತೆಗೆದ ಎಷ್ಟೋ ವರ್ಷದ ಮೇಲೆ, ಒಂದು ಮಳೆಗಾಲ ಮುಗಿದಾಗ ಬಾವಿ ನೀರು ಮತ್ತೆ ಕೆಡುವುದು ಹೀಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಎಣ್ಣೆಯ ಪೊರೆ ಬಾವಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಅದಕ್ಕೇ ಒಂದು ಸಲ ಪರೀಕ್ಷೆ ಮಾಡಿ "ನೀರು ಶುದ್ಧ ಐತಿ" ಅಂತ ಚೀಟಿ ಕೊಟ್ಟರೆ ಸಾಲದು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆಯಾದರೂ ನೋಡಬೇಕು. ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಅದೂ ವರ್ಷಗಟ್ಟಲೆ ನೋಡಬೇಕು. ಇದಕ್ಕೇ ನೀರಿನ ಮೇಲೆ ನಿಗಾ ಇಡುವುದು ಅನ್ನುತ್ತಾರೆ.

ಚೆನ್ನೈಯಲ್ಲಿ ಆದದ್ದು

ಇದು ಬರೀ ಪುಸ್ತಕದ ಮಾತಲ್ಲ. ಚೆನ್ನೈ ನಗರದಲ್ಲಿ ತೊಂಡಿಯಾರ್‌ಪೇಟೆ ಎಂಬ ಜಾಗವಿದೆ. 2013ರಲ್ಲಿ ಅಲ್ಲಿಯ ಮನೆಗಳ ಬೋರ್ ನೀರಿನಲ್ಲಿ ಎಣ್ಣೆ ಬಂತು. ಅಲ್ಲಿ ಸೋರಿದ್ದು ಟಾಕಿಯಲ್ಲ, ನೆಲದೊಳಗಿನ ಕೊಳವೆ. ಬಂದರಿನಿಂದ ಎಣ್ಣೆ ತರುವ ಭಾರತ್ ಪೆಟ್ರೋಲಿಯಂ ಕಂಪನಿಯ ಕೊಳವೆ ಅದು. ಟಾಕಿಯಾದರೂ ಕೊಳವೆಯಾದರೂ ನೆಲಕ್ಕೆ ಇಳಿದ ಎಣ್ಣೆಯ ನಡತೆ ಒಂದೇ.

ಮೊದಲು ಗುರುತಿಸಿದವರು ಯಾರು? ಆ ನೀರು ಬಳಸುತ್ತಿದ್ದ ಮನೆಯವರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಸೋರಿದ ಜಾಗ ಸಿಕ್ಕಿತು. ಆದರೆ ನೆಲ ಕುಡಿದ ಎಣ್ಣೆಯನ್ನು ತೆಗೆಯುವ ಕೆಲಸ ಒಂದೆರಡು ತಿಂಗಳಿಗೆ ಮುಗಿಯಲಿಲ್ಲ. ವರ್ಷಗಟ್ಟಲೆ ನಡೆಯಿತು.

ಅಮೆರಿಕದಲ್ಲಿ ಇಂಥ ಹುಗಿದ ಟಾಕಿಗಳ ಲೆಕ್ಕವನ್ನು ಸರಕಾರವೇ ಇಡುತ್ತದೆ. ಅಲ್ಲಿ 1984ರಲ್ಲಿ ಇದಕ್ಕೆ ಕಾನೂನು ಬಂತು. ಅಂದಿನಿಂದ 5 ಲಕ್ಷಕ್ಕೂ ಹೆಚ್ಚು ಸೋರಿಕೆ ಸಿಕ್ಕಿವೆ. ಅಲ್ಲಿಯ ಸಾಂತಾ ಮೋನಿಕಾ ಎಂಬ ಊರು ಪೆಟ್ರೋಲಿಗೆ ಸೇರಿಸುವ ಒಂದು ರಾಸಾಯನಿಕ ನೀರಿಗೆ ಬಂತೆಂದು 1996ರಲ್ಲಿ ತನ್ನ ಕುಡಿಯುವ ನೀರಿನ ಬಾವಿಗಳನ್ನೇ ಮುಚ್ಚಿತು. ಆ ಬಾವಿಗಳ ನೀರನ್ನು ಮತ್ತೆ ಬಳಸಲು ಸುಮಾರು 14 ವರ್ಷ ಬೇಕಾಯಿತು. ಅಷ್ಟು ಹಣ ಇರುವ ದೇಶಕ್ಕೇ ಹೀಗಾದರೆ ನಾವು ಎಷ್ಟು ಜಾಗ್ರತೆ ಇರಬೇಕು?

ಮೂಗನ್ನು ನಂಬಬಹುದೆ?

ಪೆಟ್ರೋಲ್ ವಾಸನೆ ಬಂದರೆ ಆ ನೀರು ಕುಡಿಯಬಾರದು. ಇದರಲ್ಲಿ ಎರಡು ಮಾತಿಲ್ಲ. ವಾಸನೆ ಬರಲಿಲ್ಲ ಅಂದರೆ ಕುಡಿಯಬಹುದೆ? ಇಲ್ಲಿಯೇ ಮೋಸ ಇರುವುದು. ನೀರಿನಲ್ಲಿ ಬೆಂಜೀನ್ ಒಂದೇ ಇದ್ದರೆ, ಅದು ಮೂಗಿಗೆ ತಿಳಿಯಬೇಕಾದರೆ ಮಿತಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿರಬೇಕು. ಮೂಗು ಹೇಳುವ ಹೊತ್ತಿಗೆ ಬಹಳ ತಡ.

ಕುದಿಸಿದರೆ? ಕುದಿಸಿದರೆ ವಾಂತಿಭೇದಿಯ ಹುಳ ಸಾಯುತ್ತವೆ. ಆದರೆ ಎಣ್ಣೆ ಕೂಡಿದ ನೀರು ಕುದಿಸಿದರೆ ಅದರ ಆವಿ ಅಡಿಗೆ ಮನೆ ತುಂಬುತ್ತದೆ. ಒಲೆ ಮುಂದೆ ಕೂತವರು ಯಾರು? ನಾವೇ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ. ಸ್ಪಟಿಕ ತಿರುವಿದರೂ ಹೋಗುವುದಿಲ್ಲ. ಅರಿವಿ ಕಟ್ಟಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕವನ್ನೂ ಪರೀಕ್ಷೆ ಇಲ್ಲದೆ ನಂಬಬಾರದು. ಅನುಮಾನ ಬಂದ ಕೂಡಲೆ ಬೇರೆ ಬಾವಿಯ ನೀರು ತರುವುದೇ ದಾರಿ. ಬಸುರಿಯರು, ಕೂಸುಗಳು ಇರುವ ಮನೆಗೆ ಮೊದಲು.

ದೂರದ ನೀರು ಹೊರುವುದು ಸುಲಭದ ಮಾತಲ್ಲ. ತಲೆ ಮೇಲೆ ಒಂದು ಕೊಡ, ಸೊಂಟದಲ್ಲಿ ಒಂದು ಕೊಡ, ಮತ್ತೆ ಕೂಲಿಗೆ ಹೊತ್ತಾಗುತ್ತದೆ. ಅದಕ್ಕೇ ಪಂಚಾಯಿತಿಯಿಂದ ಟ್ಯಾಂಕರ್ ಕೇಳಬೇಕು. ಕುಡಿಯುವ ನೀರು ಕೊಡುವುದು ಪಂಚಾಯಿತಿಯ ಕೆಲಸ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಅದು ಎಣ್ಣೆಯೇ ಇರಬೇಕೆಂದಿಲ್ಲ. ಕಬ್ಬಿಣದ ಅಂಶ ಇರುವ ನೀರಿನಲ್ಲಿಯೂ ಇಂಥ ಪೊರೆ ಕಟ್ಟುತ್ತದೆ. ಕೊಡದ ನೀರಿನ ಪೊರೆಯನ್ನು ಕಡ್ಡಿಯಿಂದ ಮುಟ್ಟಿ ನೋಡಿ. ಒಣಗಿದ ಕೆರೆಯ ಮಣ್ಣಿನಂತೆ ತುಂಡು ತುಂಡಾಗಿ ಒಡೆದರೆ ಅದು ಕಬ್ಬಿಣದ್ದು. ಒಡೆದು ಮತ್ತೆ ಕೂಡಿಕೊಂಡರೆ ಎಣ್ಣೆ ಇರಬಹುದು.

ಇನ್ನೊಂದು ಬಹಳ ಮುಖ್ಯದ ಮಾತು. ಹಗೇವಿಗೆ ಇಳಿಯುವ ಮೊದಲು ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ತಿಳಿಯುತ್ತಿತ್ತು. ಎಣ್ಣೆ ವಾಸನೆಯ ಬಾವಿಗೆ ಈ ಪದ್ಧತಿ ಬೇಡವೇ ಬೇಡ. ಪೆಟ್ರೋಲಿನ ಆವಿಗೆ ಕಿಡಿ ತಾಗಿದರೆ ಬಾವಿಯೇ ಉರಿಯುತ್ತದೆ. ಕಡ್ಡಿ ಗೀರಬಾರದು. ಹತ್ತಿರ ಬೀಡಿ ಸೇದಬಾರದು. ಮೋಟರ್ ಚಾಲೂ ಮಾಡಬಾರದು. ಹೂಳು ತೆಗೆಯಲು ಗಂಡಸರು ಇಳಿಯುತ್ತೇವೆ ಅಂದರೂ ಬಿಡಬಾರದು. ಒಳಗೆ ಉಸಿರುಗಟ್ಟಿ ಬೀಳುತ್ತಾರೆ. ಕಾಪಾಡಲು ಇಳಿದವನೂ ಬೀಳುತ್ತಾನೆ.

ಪರೀಕ್ಷೆ ಹೇಗೆ ಮಾಡಬೇಕು?

2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ಪ್ರತಿ ಊರಿನಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತ ಅದರಲ್ಲಿದೆ. ಒಂದು ಪೆಟ್ಟಿಗೆ ಕೊಡುತ್ತಾರೆ. ಹನಿ ಹಾಕಿ ಬಣ್ಣ ನೋಡುವುದು. ಬಹಳ ಒಳ್ಳೆಯ ಕೆಲಸ, ಕಲಿಯಲೇಬೇಕು. ಫ್ಲೋರೈಡ್, ನೈಟ್ರೇಟ್, ಗಡಸುತನ ಇಂಥವು ಅದರಲ್ಲಿ ತಿಳಿಯುತ್ತವೆ. ಆದರೆ ಪೆಟ್ರೋಲ್, ಬೆಂಜೀನ್ ಆ ಪೆಟ್ಟಿಗೆಯಲ್ಲಿ ತಿಳಿಯುವುದಿಲ್ಲ. "ಪೆಟ್ಟಿಗೆಯಲ್ಲಿ ಪರೀಕ್ಷೆ ಆತು, ಎಲ್ಲಾ ಸರಿ ಐತಿ" ಅಂದರೆ ಎಣ್ಣೆಯ ಮಾತು ಇನ್ನೂ ಉಳಿದಿದೆ ಅಂತ ತಿಳಿಯಿರಿ. ಅದಕ್ಕೆ ದೊಡ್ಡ ಮೆಷಿನ್ ಇರುವ ಪ್ರಯೋಗಾಲಯವೇ ಬೇಕು. "ಬೆಂಜೀನ್ ನೋಡ್ರಿ, ಪೆಟ್ರೋಲಿಯಂ ಎಣ್ಣಿ ನೋಡ್ರಿ" ಅಂತ ಹೆಸರು ಹಿಡಿದು ಕೇಳಬೇಕು. ಕೇಳದಿದ್ದರೆ ಸಾಮಾನ್ಯವಾಗಿ ನೋಡುವುದಿಲ್ಲ.

ಹಳೆಯ ಟಾಕಿಯ ಜಾಗದಲ್ಲಿ ನಿಗಾ ಇಡಲು ತಿಳಿದವರು ಸಣ್ಣ ಬೋರ್ ಹೊಡೆಸುತ್ತಾರೆ. ಇವು ಕುಡಿಯಲಿಕ್ಕಲ್ಲ, ನೋಡಲಿಕ್ಕೆ ಮಾತ್ರ. ಬಾಯಿಗೆ ಮುಚ್ಚಳ, ಬೀಗ ಇರುತ್ತದೆ. ಕಡಿಮೆ ಅಂದರೆ ಮೂರು ಬೇಕು. ಯಾಕೆ ಮೂರು? ಮೂರು ಕಡೆ ನೀರಿನ ಮಟ್ಟ ಅಳೆದರೆ ಯಾವ ಕಡೆ ಎತ್ತರ, ಯಾವ ಕಡೆ ತಗ್ಗು ಅಂತ ತಿಳಿಯುತ್ತದೆ. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ. ನೆಲದೊಳಗೂ ಹಾಗೆಯೇ. ಒಂದು ಬೋರ್ ಟಾಕಿಯ ಮೇಲ್ಗಡೆ, ಉಳಿದವು ಕೆಳಗಡೆ. ಮೇಲಿನದರಲ್ಲಿ ಎಣ್ಣೆ ಇಲ್ಲ, ಕೆಳಗಿನದರಲ್ಲಿ ಇದೆ ಅಂದರೆ ಬಂದದ್ದು ಎಲ್ಲಿಂದ ಅಂತ ಹೇಳಬಹುದು. ನಮ್ಮ ಬಿರುಕು ಕಲ್ಲಿನಲ್ಲಿ ಮೂರೇ ಸಾಲದು. ಸುತ್ತಲಿನ ಬಳಕೆಯ ಬಾವಿ, ಕೈಪಂಪು ಎಲ್ಲವನ್ನೂ ನೋಡಬೇಕು.

ನೀರು ತುಂಬಿಕೊಳ್ಳುವುದರಲ್ಲಿಯೂ ರೀತಿ ಇದೆ. ಬೆಂಜೀನ್ ಗಾಳಿಗೆ ಹಾರುವ ವಸ್ತು. ಅದಕ್ಕೆ ಸಣ್ಣ ಗಾಜಿನ ಬಾಟ್ಲಿಯಲ್ಲಿ ಕಂಠದ ತನಕ ತುಂಬಿ, ಒಳಗೆ ಒಂದು ಗುಳ್ಳೆಯೂ ಇರದಂತೆ ಬಿರಡೆ ಹಾಕಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗ ಒಯ್ಯಬೇಕು. ಪೈಪಿನಲ್ಲಿ ನಿಂತ ಹಳೆ ನೀರು ಹೊರಗೆ ಹೋದ ಮೇಲೆ ಬರುವ ಹೊಸ ನೀರನ್ನೇ ಹಿಡಿಯಬೇಕು. ಯಾರಾದರೂ ಬಂದು ಹಳೆ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಅರ್ಧ ನೀರು ಹಿಡಿದು, ಬಿಸಿಲಲ್ಲಿ ಗಾಡಿಗೆ ನೇತುಹಾಕಿಕೊಂಡು ಹೊರಟರೆ ಸುಮ್ಮನಿರಬೇಡಿ. "ಸರ, ಇದರಾಗ ಬೆಂಜೀನ್ ಉಳಿತೈತೇನ್ರಿ?" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಒಂದು ಮಾತು ಸಮಾಧಾನದ್ದೂ ಇದೆ. ಮಣ್ಣಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಇವೆ. ಅವು ಎಣ್ಣೆಯನ್ನು ನಿಧಾನವಾಗಿ ತಿಂದು ಕರಗಿಸುತ್ತವೆ. ಕೆಲವು ಕಡೆ ಗಾಳಿ ಊದಿ ಅವಕ್ಕೆ ಬಲ ಕೊಡುತ್ತಾರೆ. ಮೇಲೆ ತೇಲುವ ಎಣ್ಣೆಯನ್ನು ಪಂಪಿನಿಂದ ಎತ್ತುತ್ತಾರೆ. ಕೆಟ್ಟ ಮಣ್ಣನ್ನು ಅಗೆದು ತೆಗೆಯುತ್ತಾರೆ. ಇದರಿಂದ ನೀರು ಸುಧಾರಿಸುತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯಬೇಕು? ಅದೇ ಬಾವಿಯ ನೀರನ್ನು ಮತ್ತೆ ಮತ್ತೆ ನೋಡಿ, ಬರೆದಿಟ್ಟು, ಹಿಂದಿನ ಅಂಕಿಗೆ ಹೋಲಿಸಿದರೆ ಮಾತ್ರ.

ಬಾವಿಯ ವಹಿ

ಬರೆಯುವುದಕ್ಕೆ ನೀವಿದ್ದೀರಿ. ಒಂದು ನೋಟ್‌ಬುಕ್ ಸಾಕು. ಅದಕ್ಕೆ ಬಾವಿಯ ವಹಿ ಅಂತ ಹೆಸರಿಡಿ. ಮೊದಲ ಹಾಳೆಯಲ್ಲಿ ಊರಿನ ಹಿರಿಯರನ್ನು ಕೇಳಿ ಬರೆಯಿರಿ: ಪಂಪು ಎಲ್ಲಿತ್ತು, ಯಾವ ವರ್ಷ ಶುರುವಾಯಿತು, ಯಾವಾಗ ಬಂದ್ ಆಯಿತು, ಟಾಕಿ ಕಿತ್ತರೋ ಅಲ್ಲೇ ಬಿಟ್ಟರೋ. ಮುದುಕರು ಇರುವಾಗಲೇ ಕೇಳಿ.

ಆಮೇಲೆ ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ ಬಾವಿ ನೋಡಿ. ಹಗ್ಗಕ್ಕೆ ಕಲ್ಲು ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ. ಬಾವಿಯ ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಅಂತ ಎಣಿಸಿ. ಹೀಗೆ ಬರೆಯಬಹುದು:

ತಾರೀಖು 5, ಮೇ ತಿಂಗಳು. ಅಗಸಿ ಬಾವಿ. ನೀರು 19 ಗಂಟು ಕೆಳಗೆ. ಬಣ್ಣ ಇಲ್ಲ. ವಾಸನೆ ಇಲ್ಲ. ಪೊರೆ ಇಲ್ಲ.

ತಾರೀಖು 5, ಜುಲೈ ತಿಂಗಳು. ಅಗಸಿ ಬಾವಿ. ನೀರು 14 ಗಂಟು ಕೆಳಗೆ. ಮೂರು ದಿನ ಮಳೆ ಬಂದಿತ್ತು. ಸ್ವಲ್ಪ ಎಣ್ಣೆ ವಾಸನೆ. ಪೊರೆ ಇದೆ, ಕಡ್ಡಿ ಆಡಿಸಿದರೆ ಕೂಡಿಕೊಳ್ಳುತ್ತದೆ.

ಕೆಳಗೆ ಬರೆದವರ ಹೆಸರು, ನೋಡಿದ ಇನ್ನೊಬ್ಬರ ಹೆಸರು. ವಾಸನೆ ನೋಡಲು ಬಾವಿಗೆ ಬಗ್ಗಬೇಡಿ. ಕೊಡದ ನೀರನ್ನು ದೂರದಿಂದ ನೋಡಿದರೆ ಸಾಕು.

"ನೀರು ಕೆಟ್ಟೈತಿ" ಅಂತ ಹತ್ತು ಜನ ಕೂಗಿದರೆ ಸಾಹೇಬರು "ನೋಡೋಣ" ಅನ್ನುತ್ತಾರೆ. ತಾರೀಖು ಹಾಕಿದ ವಹಿ ಮೇಜಿನ ಮೇಲೆ ಇಟ್ಟರೆ "ನೋಡೋಣ" ಅನ್ನುವುದು ಅಷ್ಟು ಸುಲಭವಲ್ಲ.

ಅರ್ಜಿಯನ್ನು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ ಕೊಡಿ. ಗ್ರಾಮಸಭೆಯಲ್ಲಿಯೂ ಓದಿ ಹೇಳಿ. ಉದ್ದ ಬರೆಯಬೇಕಿಲ್ಲ:

"ನಮ್ಮ ಊರಿನ ಹಳೆಯ ಪೆಟ್ರೋಲ್ ಪಂಪಿನ ಹತ್ತಿರದ ಬಾವಿಯಲ್ಲಿ ಇಂಥ ತಾರೀಖಿನಿಂದ ಎಣ್ಣೆ ವಾಸನೆ ಬರುತ್ತಿದೆ. ಬೆಂಜೀನ್ ಮತ್ತು ಪೆಟ್ರೋಲಿಯಂ ಎಣ್ಣೆಗಾಗಿ ನೀರು ಪರೀಕ್ಷೆ ಮಾಡಿಸಬೇಕು. ವರದಿ ಬರುವವರೆಗೆ ಬೇರೆ ನೀರು ಕೊಡಬೇಕು. ವರದಿಯ ಒಂದು ಪ್ರತಿ ನಮಗೆ ಕೊಡಬೇಕು. ಬಾವಿಯ ವಹಿಯ ನಕಲು ಜೊತೆಗಿದೆ."

ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಬೇಡ, ಈಗ ಸಹಿ ಬರುತ್ತದಲ್ಲ. ಅರ್ಜಿ ಕೊಟ್ಟ ಗುರುತಿಗೆ ನಿಮ್ಮ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇನ್ನೊಂದು ನಕಲನ್ನು ಕಲಬುರಗಿಯಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಕಳಿಸಿ. 1974ರ ಜಲ ಕಾಯ್ದೆ ನೆಲದೊಳಗಿನ ನೀರಿಗೂ ಅನ್ವಯಿಸುತ್ತದೆ. ಅದನ್ನು ಕೆಡಿಸುವುದು ಕಾನೂನಿಗೆ ವಿರುದ್ಧ. ಟಾಕಿಗೆ ಲೈಸೆನ್ಸ್ ಯಾರ ಹೆಸರಿನಲ್ಲಿತ್ತು, ಯಾವಾಗ ತೆಗೆದರು ಅಂತ ಸರಕಾರದ ಕಾಗದದಲ್ಲಿ ಇರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಕಟ್ಟಿ ಅದನ್ನು ಕೇಳಬಹುದು. ಬಡತನ ರೇಖೆಯ ಕೆಳಗಿನವರು ಅದನ್ನೂ ಕಟ್ಟಬೇಕಿಲ್ಲ.

ಹೊಸ ಪಂಪು ಬರುವುದಿದ್ದರೂ ಒಂದು ನಿಯಮ ನೆನಪಿರಲಿ. ಶಾಲೆ, ಹತ್ತು ಹಾಸಿಗೆಯ ಇಲ್ಲವೆ ಅದಕ್ಕಿಂತ ದೊಡ್ಡ ಆಸ್ಪತ್ರೆ, ವಸತಿ ಜಾಗದಿಂದ ಪಂಪು 50 ಮೀಟರ್ ದೂರ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿದೆ.

ವರದಿ ಕೈಗೆ ಬಂದಾಗ

ವರದಿ ಬಂದರೆ ಬೇರೆಯವರಿಗೆ ಕೊಟ್ಟು "ಏನೈತಿ ಹೇಳ್ರಿ" ಅನ್ನಬೇಡಿ. ಮೊದಲು ನೀವೇ ಓದಿ. ಬಾವಿಯ ಹೆಸರು ಸರಿ ಇದೆಯೆ? ನೀರು ಹಿಡಿದ ತಾರೀಖು, ಪರೀಕ್ಷೆ ಮಾಡಿದ ತಾರೀಖು ಯಾವುದು? ನಡುವೆ ಬಹಳ ದಿನ ಕಳೆದಿದ್ದರೆ ಆ ಅಂಕಿಯನ್ನು ನಂಬುವುದು ಕಷ್ಟ. ಬೆಂಜೀನ್ ಎಂಬ ಸಾಲು ಇದೆಯೆ? ಇಲ್ಲದಿದ್ದರೆ ಕೇಳಿದ ಪರೀಕ್ಷೆ ಆಗಿಲ್ಲ ಅಂತ ಅರ್ಥ.

ಅಂಕಿಯ ಮುಂದೆ ಮಿಲಿಗ್ರಾಂ ಇದೆಯೋ ಮೈಕ್ರೋಗ್ರಾಂ ಇದೆಯೋ ನೋಡಿ. 1 ಮಿಲಿಗ್ರಾಂ ಅಂದರೆ 1,000 ಮೈಕ್ರೋಗ್ರಾಂ. ಮಿತಿ 10 ಮೈಕ್ರೋಗ್ರಾಂ. ಅದನ್ನೇ ಮಿಲಿಗ್ರಾಂನಲ್ಲಿ ಬರೆದರೆ 0.01. ವರದಿಯಲ್ಲಿ 0.5 ಮಿಲಿಗ್ರಾಂ ಅಂತ ಇದ್ದರೆ ನೋಡಲು ಸಣ್ಣ ಅಂಕಿ. ಆದರೆ ಅದು ಮಿತಿಯ 50 ಪಟ್ಟು. "ಪತ್ತೆಯಾಗಿಲ್ಲ" ಅಂತ ಇದ್ದರೆ, ಎಷ್ಟರ ತನಕ ಪತ್ತೆ ಮಾಡಲು ಆ ಮೆಷಿನ್ನಿಗೆ ಬರುತ್ತದೆ ಅಂತ ಕೇಳಿ. 100 ಮೈಕ್ರೋಗ್ರಾಂಗಿಂತ ಕಡಿಮೆ ಇರುವುದು ಆ ಮೆಷಿನ್ನಿಗೆ ಕಾಣದಿದ್ದರೆ, 90 ಇದ್ದರೂ ಅದು "ಪತ್ತೆಯಾಗಿಲ್ಲ" ಎಂದೇ ಬರೆಯುತ್ತದೆ.

ಓದಿ ಮುಗಿಸಿದ ಮೇಲೆ ವರದಿಯ ಪ್ರತಿಯನ್ನು ಬಾವಿಯ ವಹಿಯಲ್ಲಿ ಆ ತಿಂಗಳ ಹಾಳೆಗೆ ಅಂಟಿಸಿ. ಮುಂದಿನ ಪರೀಕ್ಷೆಯ ತಿಂಗಳನ್ನು ಅದರ ಕೆಳಗೆ ಬರೆದಿಡಿ.